ಆರು ಮಂದಿ ಸರಸ್ವತೀ ಭಂಡಾರಿಗರು

ಈ ತಿಂಗಳು ನಮ್ಮ ವಾಚಕರ ಚಿತ್ತವನ್ನು ಅವರವರ ಮನೆಯಿಂದ ಬಹು ದೂರವಿಲ್ಲದ ಒಂದು ಕಟ್ಟಡದ ಕಡೆಗೆ ತಿರುಗಿಸಬೇಕೆಂದು ನಾವು ಸಂಕಲ್ಪಿಸಿರುವೆವು. ಅದು ಪಾಠಶಾಲೆಯಂತೆ ವಿದ್ಯೆಯನ್ನು ಕೊಡುವುದು, ಆದರೆ ಅಲ್ಲಿ ಪರೀಕ್ಷೆಯ ಭಯವಿಲ್ಲ. ದೇವಾಲಯದಂತೆ ಅಲ್ಲಿ ಮೌನವಿರುವುದು, ಆದರೆ ಒಳಗೆ ಬಂದವನ ಕುಲಗೋತ್ರಗಳನ್ನು ಯಾರೂ ಕೇಳುವುದಿಲ್ಲ. ಕಚೇರಿಯಂತೆ ಅಲ್ಲಿ ದಫ್ತರಗಳಿರುವುವು, ಆದರೆ ಅರ್ಜಿ ಹಿಡಿದು ಬಾಗಿಲಲ್ಲಿ ಕಾಯಬೇಕಾದುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ನಮ್ಮ ಈ ಐದು ಊರುಗಳ ಸೀಮೆಯಲ್ಲಿ ಹಿರಿಯರು ಅದನ್ನು ವಾಚನಾಲಯವೆಂದು ಕರೆಯುತ್ತಿದ್ದರು. ಉರ್ದು ಕಲಿತವರು ಕುತುಬ್‌ಖಾನಾ ಎಂದರು. ಸರಕಾರದ ಫಲಕದಲ್ಲಿ ಸಾರ್ವಜನಿಕ ಗ್ರಂಥಾಲಯವೆಂದಿರುವುದು. ಹಳ್ಳಿಗಳಲ್ಲಿ ಈಚೆಗೆ ಅದಕ್ಕೆ ಅರಿವು ಕೇಂದ್ರವೆಂಬ ಹೊಸ ಹೆಸರು ಬಂದಿರುವುದು. ಹೆಸರು ನಾಲ್ಕಾದರೂ ವಸ್ತು ಒಂದೇ.

ನಮ್ಮ ಗೃಹಸ್ಥರಿಗೆ ವಾಡಿಯ ಜಂಕ್ಷನ್ನಿಗೆ ಯಾವ ಗಾಡಿ ಎಷ್ಟು ಹೊತ್ತಿಗೆ ಬರುವುದೆಂಬುದು ಬಾಯಿಪಾಠವಾಗಿರುವುದು. ತೊಗರಿಯ ಧಾರಣೆ ಇಂದು ಏರಿತೋ ಇಳಿಯಿತೋ ಎಂಬುದು ಕ್ಷಣಮಾತ್ರದಲ್ಲಿ ತಿಳಿಯುವುದು. ಆದರೆ, "ನಿಮ್ಮೂರ ಗ್ರಂಥಾಲಯದ ಬಾಗಿಲು ಎಷ್ಟು ಹೊತ್ತಿಗೆ ತೆರೆಯುವುದು?" ಎಂದು ಕೇಳಿದರೆ, ಹತ್ತು ಮಂದಿಯಲ್ಲಿ ಎಂಟು ಮಂದಿ ಒಬ್ಬರ ಮುಖವನ್ನೊಬ್ಬರು ನೋಡುವರು. ಅವರನ್ನು ದೂಷಿಸಲು ಈ ಮಾತನ್ನು ಬರೆಯುತ್ತಿಲ್ಲ. ತಮ್ಮದಾದ ವಸ್ತುವನ್ನು ತಮ್ಮದೆಂದು ತಿಳಿಯದೆ ಇರುವವರಿಗೆ ಅದನ್ನು ತೋರಿಸಿಕೊಡುವುದು ಉಪಾಧ್ಯಾಯ ವೃತ್ತಿಯಲ್ಲಿ ಬಾಳನ್ನು ಕಳೆದವರ ಹಳೆಯ ಚಾಳಿ. ಆ ಚಾಳಿಯೇ ಈ ಲೇಖನಕ್ಕೆ ಕಾರಣ.

ಮೊದಲು ಸ್ವಲ್ಪ ಪೂರ್ವಕಥೆ. ಚಿತ್ತಾಪುರಕ್ಕೆ ತೀರ ಸಮೀಪದಲ್ಲಿ ನಾಗಾವಿ ಎಂಬ ಕ್ಷೇತ್ರವುಂಟು. ಎಲ್ಲಮ್ಮನ ಗುಡಿಗೆ ನಡೆದುಕೊಳ್ಳುವವರೆಲ್ಲರೂ ಅದನ್ನು ಬಲ್ಲರು. ಅರವತ್ತು ಕಂಬದ ಗುಡಿಯನ್ನು ನೋಡಿದವರೂ ಅನೇಕರಿರುವರು. ಅಲ್ಲಿಯ 1058ನೆಯ ಇಸವಿಯ ಶಾಸನವೊಂದು ಕಲ್ಯಾಣದ ಚಾಲುಕ್ಯರಲ್ಲಿ ತ್ರೈಲೋಕ್ಯಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನ ಆಳಿಕೆಗೆ ಸೇರಿದುದು. ಆತನ ಅಧಿಕಾರಿಯಾದ ಮಧುಸೂದನನೆಂಬವನು ಇಲ್ಲಿ ಘಟಿಕಾಸ್ಥಾನವನ್ನು, ಎಂದರೆ ಉಚ್ಚ ವಿದ್ಯಾಪೀಠವನ್ನು, ಸ್ಥಾಪಿಸಿದನು. ವೇದಗಳನ್ನೂ ಶಾಸ್ತ್ರಗಳನ್ನೂ ಕಲಿಯುವ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಅಲ್ಲಿ ಅನ್ನವಸತಿಗಳ ಏರ್ಪಾಡು ಇದ್ದಿತು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು, ಹೀಗೆ ಆರು ಮಂದಿ ಉಪಾಧ್ಯಾಯರು. ಅವರ ಜತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು.

ವಾಚಕರು ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಸರಸ್ವತೀ ಭಂಡಾರವೆಂದರೆ ಪುಸ್ತಕಗಳ ಕೋಠಿ. ಸರಸ್ವತೀ ಭಂಡಾರಿಗನೆಂದರೆ ಗ್ರಂಥಪಾಲಕ. ಕಲಿಸುವವರು ಆರು, ಪುಸ್ತಕವನ್ನು ಕಾಯುವವರೂ ಆರು! ಇಂದಿನ ಯಾವ ವಿದ್ಯಾಸಂಸ್ಥೆಯಲ್ಲಿ ಈ ಪ್ರಮಾಣವನ್ನು ಕಾಣಬಲ್ಲೆವು? ಓಲೆಗರಿಯ ಕಾಲದಲ್ಲಿ ಗ್ರಂಥರಕ್ಷಣೆ ಸುಲಭದ ಕೆಲಸವಾಗಿರಲಿಲ್ಲ. ಗರಿಗೆ ಎಣ್ಣೆ ಸವರಬೇಕು, ಹುಳು ಹಿಡಿಯದಂತೆ ನೋಡಬೇಕು, ಮಾಸಿದುದನ್ನು ಪ್ರತಿಮಾಡಬೇಕು, ಕಟ್ಟು ಸಡಿಲವಾದರೆ ದಾರವನ್ನು ಬಿಗಿಯಬೇಕು. ಹಳೆಯ ಲಿಪಿಕಾರರು ಗ್ರಂಥದ ಕೊನೆಗೆ ಬರೆಯುತ್ತಿದ್ದ ಪ್ರಾರ್ಥನೆಯೊಂದು ಸಂಸ್ಕೃತ ಕಲಿತವರಿಗೆ ಪರಿಚಿತವಾದುದೇ: ಅದರಲ್ಲಿ ಪುಸ್ತಕವೇ ಬಾಯಿಬಿಟ್ಟು, ನೀರಿನಿಂದಲೂ ಎಣ್ಣೆಯಿಂದಲೂ ಸಡಿಲವಾದ ಕಟ್ಟಿನಿಂದಲೂ ತನ್ನನ್ನು ಕಾಪಾಡಬೇಕೆಂದೂ, ಮುಖ್ಯವಾಗಿ ಮೂರ್ಖನ ಕೈಗೆ ತನ್ನನ್ನು ಕೊಡಬಾರದೆಂದೂ ಬೇಡಿಕೊಳ್ಳುವುದು. ಆ ಪ್ರಾರ್ಥನೆಯನ್ನು ನಡೆಯಿಸಿಕೊಡುವುದಕ್ಕಾಗಿಯೇ ನಾಗಾವಿಯಲ್ಲಿ ಆರು ಮಂದಿಯನ್ನು ನೇಮಿಸಿದರು. ಬರಿಯ ನೇಮಕವಷ್ಟೇ ಆಗಲಿಲ್ಲ. ಅವರ ಜೀವನಕ್ಕೆ ಭೂಮಿಯನ್ನೂ ಬಿಟ್ಟುಕೊಟ್ಟು, ಅದನ್ನು ಕಲ್ಲಿನಲ್ಲಿ ಕೆತ್ತಿಸಿದರು. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಅದಕ್ಕೆ ನಾವು ಮತ್ತೆ ಬರುವೆವು.

ನಾಗಾವಿಗಿಂತ ಎರಡು ಶತಮಾನಗಳ ಹಿಂದಿನ ಮಾತು ಇನ್ನೊಂದುಂಟು. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿಯ ದಡದ ಈ ಊರಿನಿಂದ ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ ಅವನ ಆಸ್ಥಾನದ ಶ್ರೀವಿಜಯನು ಕವಿರಾಜಮಾರ್ಗವನ್ನು ರಚಿಸಿದನು. ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದುದೂ ಆ ಕಾಲದಲ್ಲಿಯೇ. ಆಮೇಲೆ ಮೂರನೆಯ ಕೃಷ್ಣನ ದಿನಗಳಲ್ಲಿ ಪುಷ್ಪದಂತ ಕವಿಯು ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣವನ್ನು ಇದೇ ಊರಿನಲ್ಲಿ ಕುಳಿತು ಬರೆದು 965ರಲ್ಲಿ ಮುಗಿಸಿದನು. 972ರಲ್ಲಿ ಮಾಳವದ ಪರಮಾರ ಸೀಯಕನು ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆಗೊಂಡನು. ಅರಮನೆ ಹೋಯಿತು, ಐಶ್ವರ್ಯ ಹೋಯಿತು. ಇಂದು ಮಳಖೇಡಕ್ಕೆ ಹೋದರೆ ಕೋಟೆಯ ಗೋಡೆ, ನೇಮಿನಾಥ ಬಸದಿ, ಜಯತೀರ್ಥರ ವೃಂದಾವನ, ಹಿಂದುಗಡೆ ಸಿಮೆಂಟು ಕಾರ್ಖಾನೆಯ ಹೊಗೆಗೊಳವೆ, ಇವು ಕಾಣುವುವು.

ಆದರೆ ಪುಸ್ತಕಗಳು ಹೋಗಲಿಲ್ಲ. ಏಕೆಂದರೆ ಅವುಗಳ ಪ್ರತಿಗಳು ಆ ವೇಳೆಗೆ ಊರೂರುಗಳ ಭಂಡಾರಗಳನ್ನು ಸೇರಿದ್ದುವು. ಕವಿರಾಜಮಾರ್ಗವು 1898ರಲ್ಲಿ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು, ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಮಳಖೇಡದ ಗ್ರಂಥಗಳು ಸಾವಿರ ವರ್ಷ ಬದುಕಿದುದು ಮಳಖೇಡದ ಕೋಟೆಯಿಂದಲ್ಲ, ಎಲ್ಲಿಯೋ ಯಾರೋ ಅವುಗಳನ್ನು ಓದಿದರು, ಪ್ರತಿಮಾಡಿದರು, ಇನ್ನೊಬ್ಬರಿಗೆ ಕೊಟ್ಟರು, ಅದರಿಂದಲೇ ಬದುಕಿದುವು.

ಪರರ ಕೈಗೆ ಹೋದ ಪುಸ್ತಕವು ಹೋದಂತೆಯೇ ಸರಿ ಎಂಬ ಅರ್ಥದ ಸುಭಾಷಿತವೊಂದನ್ನು ನಮ್ಮ ಪಂಡಿತರು ಆಗಾಗ ಹೇಳುವುದುಂಟು. ಮನೆಯ ಪುಸ್ತಕವನ್ನು ಎರವಲು ಕೊಟ್ಟು ಕಳೆದುಕೊಂಡವರೆಲ್ಲರೂ ಆ ಮಾತಿಗೆ ತಲೆದೂಗುವರು. ಆದರೆ ಮಾನ್ಯಖೇಟದ ಕಥೆಯು ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಹೇಳುತ್ತಿದೆ: ಪರರ ಕೈಗೆ ಹೋದ ಪುಸ್ತಕವೇ ಉಳಿಯಿತು. ಇವೆರಡನ್ನೂ ಸಮನ್ವಯಗೊಳಿಸುವ ಉಪಾಯ ಒಂದೇ. ಪುಸ್ತಕವು ಕೈಯಿಂದ ಕೈಗೆ ಹೋಗಬೇಕು, ಹೋದುದು ತಿರುಗಿ ಬರಬೇಕು, ಬಂದುದನ್ನು ಬರೆದಿಟ್ಟುಕೊಳ್ಳುವವನೊಬ್ಬನಿರಬೇಕು. ಇದರ ಹೆಸರೇ ಗ್ರಂಥಾಲಯ.

ಇನ್ನು ಈಚಿನ ಇತಿಹಾಸ. ನಮ್ಮ ಸೀಮೆಯು 1948ರ ಸಪ್ಟೆಂಬರದವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ತೆರೆದು, ಮುಂಬಯಿ ಮದರಾಸುಗಳ ವೃತ್ತಪತ್ರಗಳೂ ಪುಸ್ತಕಗಳೂ ವಾಡಿಯ ಕಟ್ಟೆಯ ಮೇಲೆ ಗಾಡಿಯನ್ನು ಬದಲಾಯಿಸುವಂತಾಯಿತು. ರಾಜಧಾನಿಯಾದ ಹೈದರಾಬಾದಿನಲ್ಲಿ ಆಸಫಿಯಾ ಗ್ರಂಥಾಲಯವು 1891ರಲ್ಲಿಯೇ ಸ್ಥಾಪಿತವಾಗಿದ್ದಿತು; ಆದರೆ ರಾಜಭಾಷೆ ಉರ್ದುವಾಗಿ, ಉಚ್ಚ ಶಿಕ್ಷಣವೂ ಅದರಲ್ಲಿಯೇ ನಡೆಯುತ್ತಿದ್ದುದರಿಂದ, ಸೇಡಮಿನ ಕನ್ನಡ ಹುಡುಗನಿಗೆ ಕನ್ನಡದ ಪುಸ್ತಕ ಸಿಗುವುದು ದುರ್ಲಭವಾಗಿದ್ದಿತು. ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ ಹೈದರಾಬಾದು ರಾಜ್ಯದಲ್ಲಿ 1955ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯೊಂದು ಆಯಿತು. ಮರು ವರ್ಷವೇ, 1956ರ ನವಂಬರ 1ರಂದು, ನಾವು ವಿಶಾಲ ಮೈಸೂರು ರಾಜ್ಯಕ್ಕೆ ಬಂದೆವು. ಅಲ್ಲಿ 1965ರಲ್ಲಿ ಹೊಸ ಗ್ರಂಥಾಲಯ ಕಾಯಿದೆಯು ರಚಿತವಾಯಿತು. ಅದರ ಹಿಂದೆ ಎಸ್. ಆರ್. ರಂಗನಾಥನ್ ಎಂಬ ಮಹನೀಯರ ಶ್ರಮವಿದ್ದಿತು. ಗಣಿತದ ಅಧ್ಯಾಪಕರಾಗಿದ್ದ ಅವರು ಮದರಾಸಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯಶಾಸ್ತ್ರಕ್ಕೆ ಐದು ಸೂತ್ರಗಳನ್ನು ಕೊಟ್ಟರು. ನಮ್ಮ ಪೂರ್ವಿಕರು ವ್ಯಾಕರಣಕ್ಕೂ ದರ್ಶನಗಳಿಗೂ ಸೂತ್ರಗಳನ್ನು ರಚಿಸಿದಂತೆಯೇ ಇದು. ಪುಸ್ತಕವು ಬೀರುವಿನ ಅಲಂಕಾರಕ್ಕಾಗಿ ಹುಟ್ಟಿದುದಲ್ಲವೆಂಬುದೂ, ಪ್ರತಿಯೊಬ್ಬ ಓದುಗನಿಗೂ ತಕ್ಕ ಪುಸ್ತಕವೊಂದು ಎಲ್ಲಿಯೋ ಕಾದಿರುವುದೆಂಬುದೂ ಅವುಗಳ ಸಾರ. ಅವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಜನ್ಮದಿನವಾದ ಆಗಸ್ಟ 12ನ್ನು ದೇಶದಲ್ಲೆಲ್ಲ ಗ್ರಂಥಪಾಲಕರ ದಿನವೆಂದು ಆಚರಿಸುವರು. ನವಂಬರ 14ರಿಂದ 20ರ ವರೆಗೆ ಗ್ರಂಥಾಲಯ ಸಪ್ತಾಹವು ನಡೆಯುವುದು.

ಈಗ ಪ್ರಕೃತ ವಿಷಯಕ್ಕೆ ಬರೋಣ. ಪಟ್ಟಣಗಳ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಕೆಳಗಿರುವುವು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳೂ ಮೊದಲು ಅದಕ್ಕೇ ಸೇರಿದ್ದು, 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದುವು. ರಾಜ್ಯದಲ್ಲಿ ಇಂತಹವು ಐದು ಸಾವಿರದ ಆರುನೂರಕ್ಕೆ ಮಿಗಿಲಾಗಿದ್ದುವು. ಹಳೆಯ ವೃತ್ತಪತ್ರಗಳ ಕಟ್ಟು, ಕುಂಟುವ ಕುರ್ಚಿ, ಬೀಗ ಹಾಕಿದ ಬೀರು, ಇಷ್ಟೇ ಅವುಗಳಲ್ಲಿ ಅನೇಕದರ ಸಂಪತ್ತಾಗಿದ್ದಿತು. 2020ರ ನವಂಬರದಲ್ಲಿ, ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ಓದುವ ಬೆಳಕು ಎಂಬ ಕಾರ್ಯಕ್ರಮವು ಆರಂಭವಾಗಿ, ಹಳ್ಳಿಯ ಮಕ್ಕಳನ್ನು ಚಂದಾ ಇಲ್ಲದೆ ಗ್ರಂಥಾಲಯದ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಲಕ್ಷಾಂತರ ಮಕ್ಕಳ ಹೆಸರು ದಾಖಲಾಯಿತು. ದಾನಿಗಳು ಪುಸ್ತಕಗಳನ್ನು ಕೊಟ್ಟರು. ಗೋಡೆಗಳಿಗೆ ಬಣ್ಣ ಬಂದಿತು. ಅನೇಕ ಕಡೆ ಕಂಪ್ಯೂಟರುಗಳು ಬಂದುವು. ಆಮೇಲೆ ಇವಕ್ಕೆ ಅರಿವು ಕೇಂದ್ರವೆಂದು ನಾಮಕರಣವಾಯಿತು. 2023ರಲ್ಲಿ ಆ ಇಲಾಖೆಯ ಸಚಿವರಾದ ಪ್ರಿಯಾಂಕ್ ಖರ್ಗೆಯವರು ನಮ್ಮ ಚಿತ್ತಾಪುರದಿಂದಲೇ ಆಯ್ಕೆಯಾದವರೆಂಬುದು ವಾಚಕರಿಗೆ ವಿದಿತವೇ ಆಗಿದೆ. ನಾಗಾವಿಯಿರುವ ಕ್ಷೇತ್ರದ ಪ್ರತಿನಿಧಿಯ ಕೈಗೆ ಸರಸ್ವತೀ ಭಂಡಾರಗಳು ಬಂದುದು ಯೋಗಾಯೋಗವಿರಬಹುದು. ಆದರೆ ಇಂತಹ ಯೋಗಾಯೋಗವು ಹೊಣೆಯನ್ನು ಹೆಚ್ಚಿಸುವುದು.

ಪುಸ್ತಕವನ್ನು ಕೊಂಡೊಯ್ದು ತಂದುಕೊಡುವುದಷ್ಟೇ ಈಗ ಗ್ರಂಥಾಲಯದ ಕೆಲಸವಾಗಿ ಉಳಿದಿಲ್ಲ. ಚೆನ್ನಾಗಿ ನಡೆಯುವ ಕಡೆಗಳಲ್ಲಿ ಮಕ್ಕಳನ್ನು ಸುತ್ತ ಕುಳ್ಳಿರಿಸಿ ಗಟ್ಟಿಯಾಗಿ ಓದಿಸುವರು, ಕಥೆ ಹೇಳಿಸುವರು, ಚದುರಂಗ ಮೊದಲಾದ ಆಟಗಳನ್ನಾಡಿಸುವರು, ಸಂವಿಧಾನದ ಪ್ರಸ್ತಾವನೆಯನ್ನು ಒಟ್ಟಿಗೆ ಓದುವರು, ಬೇಸಗೆಯ ರಜೆಯಲ್ಲಿ ಶಿಬಿರಗಳನ್ನು ನಡೆಯಿಸುವರು. ಕಣ್ಣು ಮಂದವಾದವರಿಗೂ ಅಂಗವಿಕಲರಿಗೂ ಅನುಕೂಲ ಕಲ್ಪಿಸುವ ಯತ್ನವೂ ಉಂಟು. ಇದಲ್ಲದೆ 2020ರಲ್ಲಿಯೇ ಸಾರ್ವಜನಿಕ ಗ್ರಂಥಾಲಯ ಇಲಾಖೆಯವರು ಡಿಜಿಟಲ್ ಗ್ರಂಥಾಲಯವನ್ನು ತೆರೆದರು. ಕೈಯಲ್ಲಿ ಮೊಬೈಲ್ ಫೋನಿರುವ ಯಾರೇ ಆಗಲಿ ಹೆಸರನ್ನು ದಾಖಲಿಸಿ, ಹಣ ಕೊಡದೆ, ಅಲ್ಲಿಯ ಪುಸ್ತಕಗಳನ್ನು ಮನೆಯಲ್ಲಿಯೇ ಕುಳಿತು ಓದಬಹುದು. ಮಕ್ಕಳು ಫೋನನ್ನು ಬಿಡುವುದಿಲ್ಲವೆಂಬ ಗೋಳು ಇಂದು ಕೇಳದ ಮನೆಯಿಲ್ಲ. ಕಸಿದುಕೊಳ್ಳಲು ಸಾಧ್ಯವಾಗದಿದ್ದ ಮೇಲೆ, ಅದೇ ಫೋನಿನಲ್ಲಿ ಈ ಬಾಗಿಲೂ ಒಂದಿದೆಯೆಂದು ತೋರಿಸಿಕೊಡುವುದು ತಂದೆತಾಯಿಗಳಿಗೆ ಸಾಧ್ಯವಿಲ್ಲವೆ?

ಈ ಕೊಠಡಿಗಳಿಗೆ ಯಾರು ಬರುತ್ತಾರೆಂಬುದನ್ನು ನಾವು ಕೆಲವು ಕಾಲದಿಂದ ಗಮನಿಸುತ್ತಿರುವೆವು. ಮುಂಜಾನೆ ಬರುವವರು ನಮ್ಮಂತಹ ನಿವೃತ್ತರು. ವೃತ್ತಪತ್ರವನ್ನು ನಾಲ್ಕು ಭಾಗ ಮಾಡಿ ಹಂಚಿಕೊಂಡು, ಮೊದಲು ಮರಣವಾರ್ತೆಗಳನ್ನೂ ಆಮೇಲೆ ರಾಜಕಾರಣವನ್ನೂ ಓದುವರು. ಆ ಮೇಲೆ ಬರುವವರು ತರುಣರು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ಪರಿಚ್ಛೇದವು ಸೇರಿ, ನಮ್ಮ ಪ್ರದೇಶದವರಿಗೆ ಉದ್ಯೋಗದಲ್ಲಿಯೂ ಶಿಕ್ಷಣದಲ್ಲಿಯೂ ಮೀಸಲು ಸ್ಥಾನಗಳು ದೊರೆಯುವಂತಾದ ಮೇಲೆ, ಸ್ಪರ್ಧಾ ಪರೀಕ್ಷೆಗಳಿಗೆ ಓದುವ ಹುಡುಗರು ಹೆಚ್ಚಿದರು. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯ ಹುಡುಗನಿಗೆ ಗ್ರಂಥಾಲಯದ ಮೇಜಿನ ಒಂದು ಮೊಳ ಸ್ಥಳವೇ ಅವನ ಅಧ್ಯಯನಮಂದಿರ. ಶಹಾಬಾದದ ಫರಸಿಯ ತಣ್ಣನೆಯ ನೆಲ, ತಲೆಯ ಮೇಲೆ ತಿರುಗುವ ಒಂದು ಪಂಖ, ನಮ್ಮ ಬಿರುಬೇಸಗೆಯಲ್ಲಿ ಇವಕ್ಕಿಂತ ದೊಡ್ಡ ಸೌಕರ್ಯವನ್ನು ಅವನು ಬಯಸುವುದೂ ಇಲ್ಲ. ಪ್ರಶ್ನೋತ್ತರದ ಹಾಳೆಗಳನ್ನು ಹರಿದುಕೊಂಡು ಹೋಗುವವನೂ ಇವರಲ್ಲಿ ಒಬ್ಬಿಬ್ಬರಿರುವರು. ತನ್ನ ಮುಂದಿನ ಅಧಿಕಾರವನ್ನು ಕಳವಿನಿಂದ ಆರಂಭಿಸುವ ಅವನಿಗೆ ನಾವು ಹೇಳುವುದೇನೂ ಇಲ್ಲ, ಅವನ ತಂದೆಗೆ ಮಾತ್ರ ಹೇಳುವೆವು.

ಬಾರದವರು ಯಾರು? ಹೆಂಗಸರು. ಪತ್ರಿಕೆ ಓದುವ ಗಂಡಸರ ಸಾಲನ್ನು ದಾಟಿ ಒಳಗೆ ಹೋಗಲು ಅವರು ಸಂಕೋಚಪಡುವರು. ಹೋಗಲು ಬಿಡುವಾಗುವ ಹೊತ್ತಿಗೆ ಬಾಗಿಲು ಮುಚ್ಚಿರುವುದು. 2011ರ ಜನಗಣತಿಯಲ್ಲಿ ಇಡಿಯ ರಾಜ್ಯದ ಸಾಕ್ಷರತೆ ಶೇಕಡಾ 75ನ್ನು ದಾಟಿದ್ದಾಗ ನಮ್ಮ ಕಲಬುರಗಿ ಜಿಲ್ಲೆಯದು ಶೇಕಡಾ 65ನ್ನು ಮುಟ್ಟಿರಲಿಲ್ಲ. ಆ ಕೊರತೆಯ ಹೆಚ್ಚಿನ ಪಾಲು ನಮ್ಮ ಹೆಣ್ಣುಮಕ್ಕಳ ಪಾಲಿಗೆ ಬಂದುದು. ಏಳನೆಯ ತರಗತಿಗೆ ಶಾಲೆ ಬಿಟ್ಟು ಮದುವೆಯಾದ ಸೊಸೆಯು ಅಕ್ಷರವನ್ನು ಮರೆಯುವುದಕ್ಕೆ ಹತ್ತು ವರ್ಷ ಸಾಕು. ಅವಳ ಕೈಗೆ ತಿಂಗಳಿಗೊಂದು ಪುಸ್ತಕ ಬಂದರೆ ಮರೆಯುವುದಿಲ್ಲ. ಅವಳು ಮರೆಯದಿದ್ದರೆ ಅವಳ ಮಕ್ಕಳೂ ಶಾಲೆಯನ್ನು ಬಿಡುವುದಿಲ್ಲ. ಬಾರದ ಇನ್ನೊಂದು ವರ್ಗವು ಚಿಂಚೋಳಿಯ ಕಡೆಯ ತಾಂಡಾಗಳ ಮಕ್ಕಳದು. ಸುಗ್ಗಿ ಮುಗಿದೊಡನೆ ತಂದೆತಾಯಿಗಳು ಕೂಲಿಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೊರಡುವರು. ಮಕ್ಕಳೂ ಕೆಲವರು ಜತೆಗೆ ಹೋಗುವರು, ಕೆಲವರು ಅಜ್ಜಿಯ ಬಳಿ ಉಳಿಯುವರು. ಶಾಲೆಯ ಹಾಜರಿಪಟ್ಟಿಯಿಂದ ಹೆಸರು ಜಾರಿದರೂ ಗ್ರಂಥಾಲಯದ ಸದಸ್ಯತ್ವದಿಂದ ಜಾರಬೇಕಾದುದಿಲ್ಲ. ತಿರುಗಿ ಬಂದ ದಿನ, ಯಾವ ತರಗತಿಯೆಂದು ಕೇಳದೆ, ಬಾ ಎಂದು ಕರೆಯುವ ಕೊಠಡಿಯೊಂದು ಊರಿನಲ್ಲಿರುವುದು ಸಣ್ಣ ಮಾತಲ್ಲ. ಸೇಡಂ ಚಿಂಚೋಳಿಗಳ ಗಡಿಯಲ್ಲಿ ತೆಲುಗು, ಶಹಾಬಾದ ವಾಡಿಗಳಲ್ಲಿ ಉರ್ದು ಮರಾಠಿಗಳು, ತಾಂಡಾಗಳಲ್ಲಿ ಲಂಬಾಣಿ, ಎಲ್ಲರ ನಡುವೆ ಕನ್ನಡ, ಹೀಗೆ ಮಾತುಗಳು ಬೆರೆತಿರುವ ನಾಡಿನಲ್ಲಿ ಎಲ್ಲ ಭಾಷೆಯ ಪುಸ್ತಕಗಳೂ ಒಂದೇ ಬೀರುವಿನಲ್ಲಿರುವುದು ಸಹಜವಾದುದು.

ಓದಿಲ್ಲದೆಯೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಕನ್ನಡ ನಾಡಿನ ಜನರನ್ನು ಕವಿರಾಜಮಾರ್ಗವು ಹೊಗಳಿದೆಯಷ್ಟೆ. ಇದನ್ನು ಓದದಿರುವುದಕ್ಕೆ ಕೊಟ್ಟ ಪ್ರಮಾಣಪತ್ರವೆಂದು ಭಾವಿಸಿದ ಮಹನೀಯರು ನಮ್ಮಲ್ಲಿ ಅನೇಕರಿರುವರು. ಆ ಮಾತನ್ನು ಬರೆದವನು ಮಾತ್ರ ಬಹಳ ಓದಿದವನಾಗಿದ್ದನೆಂಬುದನ್ನು ಅವರು ಮರೆಯಬಾರದು.

ಈಗ ನೆನಪಿನಲ್ಲಿಡಬೇಕೆಂದು ಮೊದಲು ಹೇಳಿದ ಸಂಗತಿಗೆ ಬರುವೆವು. ನಾಗಾವಿಯವರು ಗ್ರಂಥಪಾಲಕನ ಅನ್ನವನ್ನು ಕಲ್ಲಿನಲ್ಲಿ ಬರೆದರು. ನಾವು ಏನು ಮಾಡಿರುವೆವು? ಗ್ರಾಮದ ಗ್ರಂಥಪಾಲಕರು ಬಹು ಕಾಲ ಗೌರವಧನವೆಂಬ ಹೆಸರಿನ ಅಲ್ಪ ಸಂಬಳದಲ್ಲಿ ದುಡಿದರು. ಹಣವನ್ನು ಹೆಚ್ಚಿಸಿದುದುಂಟು, ಆದರೆ ಅದು ತಿಂಗಳು ತಿಂಗಳಿಗೆ ಸರಿಯಾಗಿ ಕೈಸೇರುವುದಿಲ್ಲವೆಂಬ ದೂರು ನಿಂತಿಲ್ಲ. 2025ರ ಅಕ್ಟೋಬರದಲ್ಲಿ ನಮ್ಮ ಈ ಜಿಲ್ಲೆಯಲ್ಲಿಯೇ ಒಬ್ಬ ಗ್ರಂಥಪಾಲಕಿಯು ಪ್ರಾಣವನ್ನು ಬಿಟ್ಟರು. ತಿಂಗಳುಗಟ್ಟಲೆ ವೇತನ ಬಾರದೆ ನೊಂದಿದ್ದರೆಂದು ಮನೆಯವರು ದೂರಿದರು, ವೃತ್ತಪತ್ರಗಳು ಬರೆದುವು, ರಾಜಕೀಯ ಪಕ್ಷಗಳು ಒಂದರ ಮೇಲೊಂದು ದೋಷ ಹೊರಿಸಿದುವು. ಆ ದೋಷವಿಮರ್ಶೆಯು ನಮ್ಮ ಕೆಲಸವಲ್ಲ. ಆ ತಾಯಿಯ ಹೆಸರನ್ನು ಇಲ್ಲಿ ಬರೆದು ಅವರ ಮನೆಯವರ ದುಃಖವನ್ನು ಕೆದಕುವ ಮನಸ್ಸೂ ನಮಗಿಲ್ಲ. ಆದರೆ ಊರಿನ ಗೃಹಸ್ಥರನ್ನು ನಾವು ಒಂದು ಮಾತು ಕೇಳಬೇಕಾಗಿದೆ. ನಿಮ್ಮ ಮಗುವಿಗೆ ಪುಸ್ತಕವನ್ನು ತೆಗೆದುಕೊಡುವ ವ್ಯಕ್ತಿಗೆ ಈ ತಿಂಗಳು ಸಂಬಳ ಬಂದಿದೆಯೆ? ಹಾಲು ಹಾಕುವವನ ಬಾಕಿ ಎಷ್ಟೆಂದು ನಿಮಗೆ ಗೊತ್ತು, ಇದೂ ಗೊತ್ತಿರಬೇಕು. ಗ್ರಾಮಸಭೆಯಲ್ಲಿ ರಸ್ತೆ ಚರಂಡಿಗಳ ಮಾತು ಮುಗಿದ ಮೇಲಾದರೂ ಯಾರಾದರೊಬ್ಬರು ಎದ್ದು ಈ ಪ್ರಶ್ನೆಯನ್ನು ಕೇಳಿದರೆ, ಬರೆಯುವ ಲೆಕ್ಕಿಗನು ಅದನ್ನು ಬರೆದುಕೊಳ್ಳಲೇಬೇಕಾಗುವುದು. ಕೇಳುವವರಿಲ್ಲದ ಬಾಕಿಯೇ ಎಲ್ಲಕ್ಕಿಂತ ತಡವಾಗಿ ಸಲ್ಲುವ ಬಾಕಿ.

ಹಣವೆಲ್ಲಿಂದ ಬರಬೇಕೆಂದು ಕೆಲವರು ಕೇಳುವರು. ಅದು ನಿಮ್ಮಿಂದಲೇ ಬರುತ್ತಿದೆ. ಆಸ್ತಿತೆರಿಗೆಯ ರಸೀದಿಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿರಿ. ಅದರಲ್ಲಿ ಗ್ರಂಥಾಲಯ ಕರವೆಂಬ ಒಂದು ಸಾಲಿರುವುದು. ತೆರಿಗೆಯ ನೂರು ರೂಪಾಯಿಗೆ ಆರು ರೂಪಾಯಿಯಂತೆ ನೀವು ಅದನ್ನು ಕೊಡುತ್ತಿರುವಿರಿ. ಸಂಗ್ರಹಿಸಿದ ಸ್ಥಳೀಯ ಸಂಸ್ಥೆಯು ಅದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ರಾಜ್ಯದಲ್ಲಿ ಅನೇಕ ಸಂಸ್ಥೆಗಳು ಹಾಗೆ ಸಲ್ಲಿಸದೆ ಬಾಕಿ ಉಳಿಸಿಕೊಂಡಿರುವುದು ಬಹಿರಂಗವಾದ ಸಂಗತಿ. ಆದುದರಿಂದ ಗ್ರಂಥಾಲಯಕ್ಕೆ ಹೋಗುವವನು ಯಾರ ಧರ್ಮವನ್ನೂ ಬೇಡಲು ಹೋಗುತ್ತಿಲ್ಲ. ಬೆಲೆ ಕೊಟ್ಟ ಸರಕನ್ನು ಮನೆಗೆ ತರಲು ಹೋಗುತ್ತಿರುವನು. ಬೆಲೆ ಕೊಟ್ಟು ಅಂಗಡಿಯಲ್ಲಿಯೇ ಸರಕನ್ನು ಬಿಟ್ಟು ಬರುವ ವ್ಯಾಪಾರವನ್ನು ನಮ್ಮ ಸೀಮೆಯ ಜನ ಬೇರೆ ಯಾವ ವಿಷಯದಲ್ಲಿಯೂ ಮಾಡಿದುದನ್ನು ನಾವು ಕಾಣೆವು.

ನೀರಿನ ಭಯದ ವಿಷಯವನ್ನೂ ಹೇಳಿಬಿಡಬೇಕು. 2020ರ ಅಕ್ಟೋಬರದ ಮಳೆಯಲ್ಲಿ ಕಾಗಿಣಾ ನದಿಯು ಉಕ್ಕಿ ಮಳಖೇಡದ ಮಠದೊಳಕ್ಕೂ ನುಗ್ಗಿದುದನ್ನು ಈ ಭಾಗದವರು ಮರೆತಿರಲಾರರು. ನದಿಯ ದಡದ ಊರುಗಳಲ್ಲಿ ಪುಸ್ತಕದ ಬೀರುಗಳನ್ನು ನೆಲದ ಮೇಲೆ ಇಡದೆ ಎತ್ತರದ ಕಟ್ಟೆಯ ಮೇಲೆ ಇಡುವುದೂ, ಮಳೆಗಾಲಕ್ಕೆ ಮೊದಲು ಸೋರುವ ಮಾಳಿಗೆಯನ್ನು ಸರಿಪಡಿಸುವುದೂ, ಶ್ರಾವಣ ಕಳೆದ ಮೇಲೆ ಒಂದು ದಿನ ಪುಸ್ತಕಗಳನ್ನು ನೆರಳಿನ ಗಾಳಿಗೆ ಹರಡುವುದೂ ಹೆಚ್ಚು ವೆಚ್ಚದ ಕೆಲಸಗಳಲ್ಲ. ಹಳೆಯ ಲಿಪಿಕಾರನ ಪ್ರಾರ್ಥನೆಯಲ್ಲಿ ನೀರಿನ ಹೆಸರು ಸುಮ್ಮನೆ ಬಂದಿಲ್ಲ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಲೋಕೋದ್ಧಾರದ ದೊಡ್ಡ ವ್ರತವನ್ನು ನಾವು ವಿಧಿಸುವುದಿಲ್ಲ. ಬರುವ ರವಿವಾರದೊಳಗೆ ಒಂದು ದಿನ ಮಗುವಿನ ಕೈ ಹಿಡಿದುಕೊಂಡು ನಿಮ್ಮೂರ ಗ್ರಂಥಾಲಯದ ತನಕ ನಡೆಯಿರಿ. ಬಾಗಿಲ ಮೇಲೆ ಬರೆದ ವೇಳೆಯನ್ನು ಓದಿಕೊಳ್ಳಿರಿ. ಗುರುತಿನ ಚೀಟಿಯ ನಕಲನ್ನೂ ಪಟ್ಟಣದಲ್ಲಾದರೆ ಅಲ್ಪ ಠೇವಣಿಯನ್ನೂ ಕೊಟ್ಟು ಸದಸ್ಯರಾಗಿರಿ. ಹಳ್ಳಿಯ ಮಕ್ಕಳಿಗೆ ಅದೂ ಬೇಡ. ಒಂದು ಪುಸ್ತಕವನ್ನು ಮಗುವೇ ಆರಿಸಿಕೊಳ್ಳಲಿ, ನೀವು ಆರಿಸಬೇಡಿರಿ. ತೆಳುವಾದುದನ್ನೋ ಚಿತ್ರವಿರುವುದನ್ನೋ ತೆಗೆದುಕೊಂಡರೆ ಹುಬ್ಬುಗಂಟಿಕ್ಕಬೇಡಿರಿ. ಮನೆಯ ಹೆಂಗಸರಿಗೆ ಯಾವ ಪುಸ್ತಕ ಬೇಕೆಂದು ಕೇಳಿ ಇನ್ನೊಂದನ್ನು ತನ್ನಿರಿ. ಮುಂದಿನ ಸಲ ಅವರನ್ನೇ ಕಳುಹಿಸಿರಿ. ನಾಲ್ಕು ಮನೆಯ ಹೆಂಗಸರು ಒಟ್ಟಿಗೆ ಹೋದರೆ ಪತ್ರಿಕೆ ಓದುವ ಗಂಡಸರೇ ಸರಿದು ಕುಳಿತುಕೊಳ್ಳುವರು. ತಿಂಗಳಿಗೊಮ್ಮೆ ಮಧ್ಯಾಹ್ನದ ಒಂದು ಹೊತ್ತನ್ನು ಹೆಂಗಸರ ಓದಿಗೆಂದೇ ಮೀಸಲಿಡಿರೆಂದು ಹತ್ತು ಜನ ರುಜು ಮಾಡಿ ಕೇಳಿದರೆ, ಇಲ್ಲವೆನ್ನುವ ಗ್ರಂಥಪಾಲಕನನ್ನು ನಾವು ಈವರೆಗೆ ಕಂಡಿಲ್ಲ. ನಿವೃತ್ತರಾದ ಉಪಾಧ್ಯಾಯರು ವಾರಕ್ಕೊಂದು ಗಂಟೆ ಮಕ್ಕಳಿಗೆ ಕಥೆಯನ್ನು ಓದಿ ಹೇಳಲಿ. ಗಂಟಲಿಗೆ ಕೆಲಸವಿಲ್ಲದೆ ಮನೆಯಲ್ಲಿ ಸೊಸೆಯಂದಿರ ಮೇಲೆ ಅದನ್ನು ಪ್ರಯೋಗಿಸುವುದಕ್ಕಿಂತ ಇದು ಎಲ್ಲರಿಗೂ ಹಿತ. ಪುಸ್ತಕಗಳನ್ನು ದಾನ ಮಾಡುವವರು ಮಗ ಪಾಸಾದ ವರ್ಷದ ಹಳೆಯ ಗೈಡುಗಳನ್ನು ಒಯ್ದು ಸುರಿಯದೆ, ತಾವೇ ಪ್ರೀತಿಯಿಂದ ಓದಿದ ಒಂದನ್ನು ಕೊಡಲಿ. ದಾನವೆಂದರೆ ಕೊಡುವವನಿಗೂ ಬೇಕಾಗಿದ್ದ ವಸ್ತುವೇ ಆಗಿರಬೇಕು.

ಹೊರಡುವಾಗ ಗ್ರಂಥಪಾಲಕರನ್ನು ಹೆಸರು ಹಿಡಿದು ಮಾತನಾಡಿಸಿರಿ. ಊರಿನ ಮಂದಿ ತನ್ನ ಕೆಲಸವನ್ನು ಕಾಣುತ್ತಿರುವರೆಂಬ ತಿಳಿವಳಿಕೆಯು ಸಂಬಳಕ್ಕೆ ಬದಲಾಗಲಾರದು, ಸಂಬಳ ಬರಲೇಬೇಕು. ಆದರೆ ಮೂರು ತಿಂಗಳು ಬಾರದೆ ಹೋದುದನ್ನು ಊರೇ ಅರಿಯದಂತಹ ಏಕಾಂತವು ಮತ್ತೆ ಯಾರಿಗೂ ಒದಗಬಾರದು. ಸಾವಿರ ವರ್ಷಗಳ ಹಿಂದೆ ಈ ಮಣ್ಣಿನಲ್ಲಿ ಆರು ಮಂದಿ ಸರಸ್ವತೀ ಭಂಡ಼ಾರಿಗರು ನಿಶ್ಚಿಂತೆಯಿಂದ ಉಂಡು ಪುಸ್ತಕಗಳನ್ನು ಕಾದರು. ಇಂದು ನಮ್ಮ ಹಳ್ಳಿ ಪಟ್ಟಣಗಳಲ್ಲಿ ಅವರ ಉತ್ತರಾಧಿಕಾರಿಗಳು ಒಬ್ಬೊಬ್ಬರೇ ಕುಳಿತಿರುವರು. ಅವರಲ್ಲಿಗೆ ಹೋಗಿಬನ್ನಿರಿ. ಮುಂದಿನ ತಿಂಗಳು ನಾವು ಮತ್ತೆ ಭೇಟಿಯಾಗುವಷ್ಟರಲ್ಲಿ ನಿಮ್ಮ ಮನೆಯ ಮಾಡದಲ್ಲಿ ಗ್ರಂಥಾಲಯದ ಮುದ್ರೆಯಿರುವ ಒಂದು ಪುಸ್ತಕವಿರಲಿ. ಮರಳಿ ಕೊಡಬೇಕಾದ ದಿನವೂ ನಿಮ್ಮ ನೆನಪಿನಲ್ಲಿರಲಿ.